ಪತ್ತನಾಜೆಗೆ ಮೊದಲು

ಮೂಡುಬಿದಿರೆಯ ಬಸದಿಯೊಳಗೆ ಕಾಲಿಟ್ಟದ್ದಷ್ಟೆ, ಬಾವಲಿಯ ವಾಸನೆ ಬಂತು. ಎಣ್ಣೆ ಹೀರಿದ ಹಳೆಯ ಮರ, ತಣ್ಣಗಿನ ಕಲ್ಲು, ಅದರ ಮೇಲೆ ಬಾವಲಿಯ ಆ ಒಗರು ವಾಸನೆ. ಬೆಳ್ತಂಗಡಿ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಬಿಸಿಲಿನಲ್ಲಿ ನಿಲ್ಲುವ ಬದಲು ನೆರಳಿನಲ್ಲಿ ಸ್ವಲ್ಪ ಕೂರುವ ಎಂದು ಹೋದವಳು ಒಂದು ಕಂಬ ಹಿಡಿದು ಅಲ್ಲೇ ಕುಸಿದೆ. ಬಾಗಿಲಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ಬಂದರು.

"ಏನಮ್ಮ, ತಲೆ ತಿರುಗ್ತದಾ? ನೀರು ತರಬೇಕಾ?"

ನೀರು ಎಂಬ ಮಾತು ಕೇಳಿ ನನಗೆ ಇನ್ನಷ್ಟು ಕಷ್ಟವಾಯಿತು. ಬೇಡ ಎಂದು ಕೈ ಅಲ್ಲಾಡಿಸಿದೆ.

ಅದೇ ವಾಸನೆ ಒಂಬತ್ತು ವರ್ಷದ ಹಿಂದೆ ನನ್ನ ತಂಗಿ ಸುಮತಿಯ ಸೀರೆಯಲ್ಲಿ ಇತ್ತು. ಆ ಬೇಸಗೆಯ ಕತೆಯನ್ನು ಇಂದಿನವರೆಗೆ ಯಾರಿಗೂ ಪೂರ್ತಿ ಹೇಳಿದವಳಲ್ಲ. ನಾನು ಐದನೆಯ ತರಗತಿಯವರೆಗೆ ಕಲಿತವಳು. ನಾವು ಮಾತಾಡುವುದು ತುಳು. ಬರೆಯಲು ಬರುವುದು ಕನ್ನಡ ಮಾತ್ರ, ಅದೂ ನಿಧಾನಕ್ಕೆ. ನಿಧಾನವಾದರೆ ಸುಳ್ಳು ಸೇರಿಸುವುದು ಕಷ್ಟ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಪಾಣೆಮಂಗಳೂರಿನಲ್ಲಿ. ಅಮ್ಮ ಸತ್ತಾಗ ಸುಮತಿಗೆ ಏಳು ವರ್ಷ, ನನಗೆ ಇಪ್ಪತ್ತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಬೀಡಿ ಕಟ್ಟಿ ಅವಳನ್ನು ಸಾಕಿದೆ. ನನಗೆ ಎರಡು ಸಂಬಂಧ ಬಂದಿತ್ತು. ತಂಗಿಯನ್ನು ಬಿಟ್ಟು ಬರುವುದಿಲ್ಲ ಎಂದು ಎರಡನ್ನೂ ಬಿಟ್ಟೆ. ಈ ಮಾತನ್ನು ಅವಳಿಗೆ ಎಷ್ಟು ಸಲ ಹೇಳಿದ್ದೇನೋ. ಸಾರಿಗೆ ಉಪ್ಪು ಕಡಿಮೆ ಎಂದರೂ ಅದನ್ನೇ ಹೇಳುತ್ತಿದ್ದೆ.

ಸುಮತಿ ಪಿಯುಸಿ ಮುಗಿಸಿ, ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವ ಹೋಮ್ ನರ್ಸ್ ಕೆಲಸ ಕಲಿತಳು. ಹತ್ತು ವರ್ಷ ಅವರಿವರ ಮನೆಯಲ್ಲಿ ದುಡಿದ ಮೇಲೆ, ಆ ಬೇಸಗೆಗೆ ಮೊದಲು ಚಳಿ ಮುಗಿಯುವ ಹೊತ್ತಿಗೆ ಅವಳನ್ನು ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಒಳಗಿರುವ ಒಂದು ಜೈನರ ಬೀಡಿಗೆ ಏಜೆನ್ಸಿಯವರು ಕಳಿಸಿದರು. ಬೀಡೆಂದರೆ ಹಿಂದೆ ಆ ಸೀಮೆಯನ್ನು ಆಳಿದವರ ದೊಡ್ಡ ಮನೆ. ಈಗ ಅಲ್ಲಿ ಇದ್ದದ್ದು ಇಬ್ಬರೇ: ಒಂದು ಬದಿ ಸ್ವಾಧೀನ ತಪ್ಪಿ ಮಲಗಿದ ಮುದುಕಿ, ಅವರ ಮಗ ನೇಮಿರಾಜ. ವಯಸ್ಸು ನಲವತ್ತರ ಹತ್ತಿರ, ಹೆಂಡತಿ ಸತ್ತವನು.

ಹೆಂಡತಿ ಸತ್ತದ್ದು ಬೀಡಿನ ಕೆರೆಯಲ್ಲಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಅವಳ ತವರಿನವರು ಆಮೇಲೆ ಆ ಅಂಗಳ ತುಳಿಯಲಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಪಕ್ಕದ ಮನೆಯ ಗಿರಿಜಕ್ಕ. ನಾವಿಬ್ಬರೂ ಒಂದೇ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದೆವು.

"ಆ ಬೀಡಿನಲ್ಲಿ ಹಿಂದೆಯೂ ಒಬ್ಬ ಅರಸು ಹೆಂಡತಿಯನ್ನು ಉಪ್ಪರಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದನಂತೆ ಮಾರಾಯ್ತಿ," ಎಂದಳು ಎಲೆ ಕತ್ತರಿಸುತ್ತಾ. "ಅವಳು ಅಲ್ಲೇ ಒಣಗಿ ಹೋದಳಂತೆ. ಆ ಕೋಣೆಗೆ ಈಗಲೂ ಬೀಗ ಉಂಟಂತೆ."

"ನಿನಗೆ ಯಾರು ಹೇಳಿದ್ದು? ಅರಸು ಬಂದು ಹೇಳಿದನಾ?"

"ನಗು ನಗು. ನಿನ್ನ ತಂಗಿ ನಗ್ತಾಳಾ ನೋಡುವ."

ನಗುತ್ತಿದ್ದಳು, ಅದೇ ನನಗೆ ಹೆದರಿಕೆ. ತಿಂಗಳಿಗೊಮ್ಮೆ ಮನೆಗೆ ಬಂದಾಗ ಮೊದಲಿನಂತೆ ಅವಳ ಮುಖದಲ್ಲಿ ದಣಿವಿರಲಿಲ್ಲ. ಬೀಡಿನಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುತ್ತದೆ ಅಕ್ಕ, ಆಮೇಲೆ ಮಾಡಲು ಏನೂ ಇಲ್ಲ, ಮಲಗಿದ ದೊಡ್ಡಮ್ಮನ ಹತ್ತಿರ ಕೂತು ಅವರು ಹಳೆಯ ತಾಳೆಯೋಲೆ ಗ್ರಂಥ ಓದುತ್ತಾರೆ, ನಾವು ಕೇಳುತ್ತೇವೆ ಎಂದಳು. "ಅವರು" ಎಂದರೆ ನೇಮಿರಾಜ; ಹಾಗೆ ಎಂದಾಗ ಅವಳ ದನಿ ಬೇರೆಯಾಗುತ್ತಿತ್ತು.

ಮಾರ್ಚ್ ಮುಗಿಯುವಾಗ, ತುಳುವರ ಸುಗ್ಗಿ ತಿಂಗಳಲ್ಲಿ, ನಾನು ಬಿ.ಸಿ.ರೋಡಿನಿಂದ ಬಸ್ಸು ಹತ್ತಿ ನೋಡಲು ಹೋದೆ. ಕೆಂಪು ಧೂಳಿನ ದಾರಿ, ಅದರ ತುದಿಯಲ್ಲಿ ಮುರಕಲ್ಲಿನ ಎತ್ತರದ ಗೋಡೆ. ಒಳಗೆ ಹಲಸಿನ ಮರದ ಕಂಬಗಳು, ಒಂದೊಂದರಲ್ಲೂ ಬಳ್ಳಿ, ಹಂಸ, ಸಿಂಹ ಕೆತ್ತಿದ್ದು. ಮೇಲಿನ ಕತ್ತಲೆಯಲ್ಲಿ ಬಾವಲಿಗಳು ತೂಗುತ್ತಿದ್ದವು. ಅವುಗಳನ್ನು ಓಡಿಸುವುದು ಹಿಂಸೆ ಎಂದು ಆ ಮನೆಯವರು ಬಿಟ್ಟಿದ್ದರು. ಕೆರೆಯಲ್ಲಿ ನೀರು ಮೊಣಕಾಲಿನಷ್ಟೂ ಇರಲಿಲ್ಲ. ಮಳೆಗಾಲದ ನೀರಿನ ಗುರುತು ಮಾತ್ರ ಕಲ್ಲಿನ ಮೇಲೆ ಆಳೆತ್ತರಕ್ಕೆ ಹಸಿರಾಗಿ ಉಳಿದಿತ್ತು.

ನೇಮಿರಾಜ ಬಂದು ಕೈ ಮುಗಿದ. ಎತ್ತರದ ಆಳು, ಎಡಗೈಯ ಮೇಲೆ ಸುಟ್ಟ ಕಲೆ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವವನಲ್ಲ. ಬಟ್ಟೆಯಲ್ಲಿ ಸೋಸಿದ ನೀರು, ಒಂದು ತುಂಡು ಬೆಲ್ಲ ತಂದಿಟ್ಟು ನಿಂತ. ನಾನು ನೇರವಾಗಿಯೇ ಕೇಳಿದೆ.

"ನನ್ನ ತಂಗಿ ಇಲ್ಲಿ ಹೆದರದೆ ಇರಬಹುದಲ್ಲ ಧನಿಗಳೇ?"

ಅವನು ಕೆರೆಯ ಕಡೆ ನೋಡಿದ. "ನಿಮ್ಮ ತಂಗಿಗೆ ಹೆದರಿಕೆ ಇಲ್ಲ. ನನಗೇ ಅದು ಹೆದರಿಕೆ."

ಈ ಮಾತನ್ನು ದಾರಿಯುದ್ದಕ್ಕೂ ತಿರುವಿ ಮುರುವಿ ನೋಡಿದೆ. ಒಮ್ಮೆ ಪ್ರೀತಿಯ ಹಾಗೆ ಕೇಳಿಸಿತು, ಇನ್ನೊಮ್ಮೆ ಬೆದರಿಕೆಯ ಹಾಗೆ. ಮನೆ ತಲುಪುವಷ್ಟರಲ್ಲಿ ಬೆದರಿಕೆಯೇ ಸರಿ ಎಂದು ತೀರ್ಮಾನ ಮಾಡಿದ್ದೆ. ನನಗೆ ಅದೇ ಬೇಕಿತ್ತು.

ಏಪ್ರಿಲಿನಲ್ಲಿ ಬಿಸು, ನಮ್ಮ ಹೊಸ ವರ್ಷದ ಹಬ್ಬ. ಅಂದು ನಮ್ಮ ಕುಟುಂಬದವರೆಲ್ಲ ತರವಾಡು ಎಂಬ ಮೂಲ ಮನೆಯಲ್ಲಿ ದೈವದ ಎದುರು ಸೇರುತ್ತೇವೆ. ಆ ಮನೆ ನಮ್ಮ ಅಂಗಳಕ್ಕೆ ತಾಗಿಯೇ ಉಂಟು. ಅದನ್ನು ನೋಡಿಕೊಳ್ಳುವವರು ನಮ್ಮ ಸೋದರಮಾವ ಬಾಬು ಮಾವ. ಹಣ್ಣು ತರಕಾರಿಯ ಕಣಿ ಇಟ್ಟು ಕೈಮುಗಿದು, ಹಿರಿಯರ ಕಾಲು ಹಿಡಿದು ಮುಗಿದ ಮೇಲೆ ಸುಮತಿ ನನ್ನನ್ನು ಚಾವಡಿಯ ಮೂಲೆಗೆ ಕರೆದಳು.

"ಅಕ್ಕ, ನಾನು ಅವರನ್ನು ಮದುವೆಯಾಗ್ತೇನೆ."

"ಒಬ್ಬಳನ್ನು ಕೊಂದವನನ್ನು?"

"ಕೊಂದದ್ದಲ್ಲ. ನನಗೆ ಎಲ್ಲ ಹೇಳಿದ್ದಾರೆ. ಮೇಲಿನ ಕೋಣೆಯ ಬೀಗ ತೆಗೆದು ತೋರಿಸಿದ್ದಾರೆ. ಒಳಗೆ ಏನೂ ಇಲ್ಲ ಅಕ್ಕ. ಒಂದು ಕಿಟಕಿ. ಕಿಟಕಿಯಿಂದ ಕೆರೆ ಕಾಣ್ತದೆ. ಅವರ ಹೆಂಡತಿ ನೀರಿಗೆ ಇಳಿಯುವುದನ್ನು ಅವರು ಅಲ್ಲಿಂದ ನೋಡಿದ್ದು. ಕೆಳಗೆ ಬರುವಾಗ ತಡವಾಯಿತಾ, ಬರಲಿಕ್ಕೇ ಮನಸ್ಸಾಗಲಿಲ್ಲವಾ, ಅವರಿಗೇ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹೇಳಿದನಾ? ನಾಚಿಕೆ ಇಲ್ಲದೆ?"

"ಹೌದು. ಹಾಗೆ ಹೇಳುವ ಧೈರ್ಯ ಯಾರಿಗೆ ಉಂಟು ಹೇಳು. ನಿನಗುಂಟಾ?"

ಆ ಕೊನೆಯ ಮಾತು ನನಗೆ ಕೆಂಡದ ಹಾಗೆ ತಾಗಿತು. ಎಲ್ಲರ ಎದುರು ಹೋಗಿ ದೈವಕ್ಕೆಂದು ಇಟ್ಟ ಮಂಚದ ಮೇಲೆ ಕೈ ಇಟ್ಟೆ. "ಇವಳು ಅವನ ಜೊತೆ ಹೋದರೆ ಈ ಮನೆಯ ಹೊಸಿಲು ತುಳಿಯಬಾರದು. ನನ್ನ ಕೈಯ ನೀರು ಇವಳಿಗಿಲ್ಲ, ಇವಳ ಮನೆಯ ನೀರು ನನಗಿಲ್ಲ. ದೈವದ ಆಣೆ."

"ಏನು ಮಾಡಿದೆ ಲೀಲಾ," ಎಂದರು ಬಾಬು ಮಾವ.

ಹೊರಗಿನವರಿಗೆ ಇದು ಸಿಟ್ಟಿನ ಮಾತು ಎಂದು ಕಾಣಬಹುದು. ನಮ್ಮಲ್ಲಿ ಹಾಗಲ್ಲ. ಆಣೆ ಹಾಕಿದವರು, ಹಾಕಿಸಿಕೊಂಡವರು ಇಬ್ಬರೂ ಅದಕ್ಕೆ ಕಟ್ಟುಬಿದ್ದವರು. ಮೀರಿದವರಿಗೆ ಕೇಡು ತಪ್ಪಿದ್ದಲ್ಲ. ಬಿಡಿಸಬೇಕಾದರೆ ಇಬ್ಬರೂ ಒಟ್ಟಿಗೆ ದೈವದ ಎದುರು ನಿಂತು ತೆಂಗಿನಕಾಯಿ ಇಟ್ಟು ತಪ್ಪು ಒಪ್ಪಿಕೊಳ್ಳಬೇಕು. ಅದಕ್ಕೂ ಕಾಲ ಉಂಟು. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ನಮ್ಮ ಕುಟುಂಬದಲ್ಲಿ ದೈವದ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ದೀಪಾವಳಿಗೆ.

ಸುಮತಿ ಅಳಲಿಲ್ಲ. ತನ್ನ ಚೀಲ ತೆಗೆದುಕೊಂಡು ಹೋದಳು. ಹದಿನೈದು ದಿನಕ್ಕೆ ಬೆಳ್ತಂಗಡಿಯ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು ಎಂದು ಸುದ್ದಿ ಬಂತು.

ಆ ಮೇ ತಿಂಗಳ ಸೆಕೆಯನ್ನು ಹೇಗೆ ಹೇಳಲಿ. ಬಾವಿಯ ತಳದ ಕಲ್ಲು ಕಾಣುತ್ತಿತ್ತು. ಬೀಡಿ ಎಲೆ ಎಷ್ಟು ನೀರು ಚಿಮುಕಿಸಿದರೂ ಬೆರಳಿನಲ್ಲಿ ಮುರಿಯುತ್ತಿತ್ತು. ನೇತ್ರಾವತಿಯ ಮಧ್ಯದಲ್ಲಿ ಬಂಡೆಗಳು ಎದ್ದು ನಿಂತಿದ್ದವು. ಇಡೀ ಮನೆಯಲ್ಲಿ ನಾನೊಬ್ಬಳೇ. ಒಂದು ಮಧ್ಯಾಹ್ನ ಫೋನು ಬಂತು.

"ಅಕ್ಕ, ಪತ್ತನಾಜೆಗೆ ಮೊದಲು ಆಣೆ ಬಿಡಿಸುವ. ನಾನು ಬರ್ತೇನೆ. ಹೊರಗೆ ಅಂಗಳದಲ್ಲಿ ನಿಲ್ತೇನೆ, ನೀನು ಮಾವನನ್ನು ಕರೆದರೆ ಸಾಕು."

"ಮಾವ ಊರಲ್ಲಿ ಇಲ್ಲ," ಎಂದೆ.

ಬಾಬು ಮಾವ ಆಗ ನನ್ನ ಕಣ್ಣೆದುರೇ ಅಂಗಳದಲ್ಲಿ ಗೇರುಬೀಜ ಒಣಗಿಸುತ್ತಿದ್ದರು. ಅವರು ಕೆಮ್ಮಿದ್ದು ಫೋನಿನಲ್ಲಿ ಅವಳಿಗೂ ಕೇಳಿಸಿರಬೇಕು. "ಆಯ್ತು ಅಕ್ಕ, ಮತ್ತೆ ಕೇಳ್ತೇನೆ," ಎಂದು ಇಟ್ಟಳು. ಅವಳು ಇನ್ನೊಮ್ಮೆ ಬೇಡಿಕೊಳ್ಳಲಿ ಎಂದಿತ್ತು ನನಗೆ. ಮೂರು ಸಲ ಬೇಡಿಕೊಂಡರೆ ಒಪ್ಪುವುದೆಂದು ಮನಸ್ಸಿನಲ್ಲೇ ಇಟ್ಟಿದ್ದೆ. ಮೂರು ಎಂದು ಯಾಕೆ ಇಟ್ಟೆನೋ ಗೊತ್ತಿಲ್ಲ.

ಎರಡನೆಯ ಸಲ ಬೇಡಲು ಬಂದವನು ನೇಮಿರಾಜ. ಪತ್ತನಾಜೆಯ ಹಿಂದಿನ ದಿನ, ಸುಡುವ ಮಧ್ಯಾಹ್ನ. ಗೇಟಿನ ಹೊರಗೆ ನಿಂತು ಕೈ ಮುಗಿದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಗಿರಿಜಕ್ಕ ಬೀಡಿಯ ಗೆರಸೆ ಬದಿಗಿಟ್ಟು ನೋಡಿದಳು.

"ಸುಮತಿಗೆ ನಾಲ್ಕು ದಿನದಿಂದ ಜ್ವರ," ಎಂದ. "ಆಸ್ಪತ್ರೆಗೆ ಹೋಗುವ ಅಂದರೆ ಕೇಳುವುದಿಲ್ಲ. ಇದು ಆಣೆಯ ಜ್ವರ, ಮದ್ದಿಗೆ ಹೋಗುವುದಿಲ್ಲ, ಮೊದಲು ಆಣೆ ಬಿಡಿಸಬೇಕು ಅಂತ ಹೇಳ್ತಾಳೆ. ಅವಳು ನಿಮ್ಮ ಉಪ್ಪಿನಕಾಯಿ ತಿಂದಿದ್ದಾಳೆ."

ನನಗೆ ಅರ್ಥವಾಗಲಿಲ್ಲ. ಗಿರಿಜಕ್ಕ ಮೆಲ್ಲಗೆ ಹೇಳಿದಳು: "ನಾನೇ ಕೊಟ್ಟು ಕಳಿಸಿದ್ದು ಲೀಲಾ. ಅಕ್ಕನ ಕೈಯ ಮಾವಿನ ಮಿಡಿ ಬೇಕು ಅಂತ ಹೇಳಿ ಕಳಿಸಿದಳು. ನಿನ್ನ ಭರಣಿಯಿಂದ ಒಂದು ಬಾಟಲಿ ತುಂಬಿಸಿದೆ. ಉಪ್ಪಿನ ನೀರು ಕೂಡ ನೀರೇ ಅಂತ ನನಗೆ ಹೊಳೆಯಲಿಲ್ಲ."

ಈಗ ಬರೆಯುವುದನ್ನು ಬರೆಯಲು ನನಗೆ ಎರಡು ದಿನ ಹಿಡಿಯಿತು. ಆ ಮಾತು ಕೇಳಿದಾಗ ನನಗೆ ಹೆದರಿಕೆಯಾಗಲಿಲ್ಲ. ಸಂತೋಷವಾಯಿತು. ನೋಡಿ, ದೈವ ನನ್ನ ಕಡೆ ಉಂಟು ಎಂದು ಎದೆ ಉಬ್ಬಿತು. ಇಪ್ಪತ್ತೆರಡು ವರ್ಷ ಸಾಕಿದ್ದನ್ನು ದೈವವಾದರೂ ಕಂಡಿದೆ ಎಂದು.

"ನೀವು ಹೇಳಿ," ಎಂದ ಅವನು. "ನಾನು ಅವಳನ್ನು ನಾಳೆ ಬೆಳಿಗ್ಗೆ ಕಾರಿನಲ್ಲಿ ತರ್ತೇನೆ. ಬಿಡಿಸಿ ಆದ ಕೂಡಲೇ ಹಾಗೆಯೇ ಮಂಗಳೂರಿಗೆ ಹೋಗುವ. ನನ್ನ ಮೇಲಿನ ಸಿಟ್ಟು ಆಮೇಲೆ ತೀರಿಸಿ."

"ನಾಳೆ ಪತ್ತನಾಜೆ. ಮಾವನಿಗೆ ಪುರುಸೊತ್ತು ಇರುವುದಿಲ್ಲ."

"ಐದು ನಿಮಿಷ ಸಾಕಲ್ಲ?"

"ದೀಪಾವಳಿಗೆ ನೋಡುವ."

ಅವನು ಗೇಟಿನ ಸರಳು ಹಿಡಿದ. ಸುಟ್ಟ ಕಲೆಯ ಕೈಯಿಂದ ಅದನ್ನು ಒಮ್ಮೆ ಅಲುಗಾಡಿಸಿದ. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ; ಹೊಡೆದಿದ್ದರೆ ಒಳ್ಳೆಯದಿತ್ತು, ಊರಿಗೆ ತೋರಿಸಬಹುದಿತ್ತು. ಅವನು ಅಲ್ಲೇ ನಿಂತ. ಗಿರಿಜಕ್ಕ ತನ್ನ ಮನೆಯಿಂದ ಚೊಂಬಿನಲ್ಲಿ ನೀರು ತಂದು ಗೋಡೆಯ ಮೇಲಿಂದ ಕೊಟ್ಟಳು.

"ಮನುಷ್ಯ ಅಲ್ವಾ ಲೀಲಾ," ಎಂದಳು ನನಗೆ ಕೇಳುವ ಹಾಗೆ.

ಮರುದಿನ ಬಾಬು ಮಾವ ದೈವದ ಬಾಗಿಲು ಹಾಕಿದರು. ಅವರಿಗೆ ನಾನು ಏನೂ ಹೇಳಿರಲಿಲ್ಲ. ಸಂಜೆ ಗುಡುಗಿ ಮೊದಲ ಮಳೆ ಹೊಯ್ಯಿತು. ಬಾಗಿಲು ಹಾಕಿದ ಸುದ್ದಿ ತಿಳಿದ ಮೇಲೆ ಸುಮತಿ ಆಸ್ಪತ್ರೆಗೆ ಬೇಡ ಎನ್ನುವುದನ್ನೂ ಬಿಟ್ಟಳಂತೆ. ಅವನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಹಾಕಿದನಂತೆ.

ಗಿರಿಜಕ್ಕ ನನ್ನ ಕೈ ಹಿಡಿದು ಎಳೆದುಕೊಂಡೇ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡೆಂಗ್ಯೂ, ತಡವಾಗಿ ತಂದಿದ್ದಾರೆ ಎಂದರು ಡಾಕ್ಟರು. ಸುಮತಿಯ ತುಟಿ ಒಡೆದು ಕಪ್ಪಾಗಿತ್ತು. ನೇಮಿರಾಜ ಗೋಡೆಗೆ ಒರಗಿ ನಿಂತಿದ್ದ. ನರ್ಸ್ ಒಬ್ಬಳು ಬಂದು ನೀರಿನ ಲೋಟ ನನ್ನ ಕೈಗೆ ಕೊಟ್ಟಳು.

"ಅಕ್ಕನಾ ನೀವು? ಸ್ವಲ್ಪ ಸ್ವಲ್ಪ ಕುಡಿಸ್ತಾ ಇರಿ. ಬಾಯಿ ಒಣಗಬಾರದು."

ಸುಮತಿ ಕಣ್ಣು ತೆರೆದು ನನ್ನನ್ನು ನೋಡಿದಳು. ಬಾಯಿ ತುಸು ತೆರೆದಳು. ನಾನು ಲೋಟ ಎತ್ತಿದೆ. ಎತ್ತಿದ ಕೈ ಅರ್ಧದಲ್ಲಿ ನಿಂತಿತು. ನನ್ನ ಕೈಯ ನೀರು ಅವಳಿಗಿಲ್ಲ. ಕೊಟ್ಟರೆ ಅವಳಿಗೆ ಕೇಡು ಎಂದು ಹೆದರಿದೆನೆಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಲ್ಲ. ಕೊಟ್ಟರೆ ನನಗೆ ಏನಾಗುತ್ತದೋ ಎಂದು ಹೆದರಿದೆ. ಅದು ಅವಳಿಗೆ ಕಂಡಿತು. ಚಿಕ್ಕಂದಿನಿಂದ ನನ್ನ ಮುಖ ನೋಡಿ ಬೆಳೆದವಳು.

ಅವಳು ತಲೆಯನ್ನು ಗೋಡೆಯ ಕಡೆ ತಿರುಗಿಸಿದಳು. "ನೀವು ಕೊಡಿ," ಎಂದಳು ಅವನಿಗೆ. "ಅಕ್ಕನಿಗೆ ಕಷ್ಟ ಆಗ್ತದೆ."

ಅವನು ನನ್ನ ಬೆರಳುಗಳಿಂದ ಲೋಟ ಬಿಡಿಸಿಕೊಂಡು ಕುಡಿಸಿದ. ಮರುದಿನ ಬೆಳಿಗ್ಗೆ ಸುಮತಿ ಹೋದಳು.

ಇಷ್ಟೇ ಆಗಿದ್ದರೆ ಒಂದು ತಪ್ಪು ಎನ್ನಬಹುದಿತ್ತು. ಆ ಮಳೆಗಾಲದಲ್ಲಿ ನಾನು ಇನ್ನೊಂದು ಮಾಡಿದೆ. ಬೀಡಿ ಕೊಡಲು ಹೋದಲ್ಲಿ, ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ ಜನ ಕೇಳುತ್ತಿದ್ದರು: "ಎರಡನೆಯವಳನ್ನೂ ತೆಗೆದನಾ ಅವನು? ಆಸ್ಪತ್ರೆಗೆ ತಡ ಮಾಡಿದ್ದು ಬೇಕೆಂದೇ ಅಂತೆ?" ನಾನು ಹೌದು ಎನ್ನಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅಷ್ಟು ಸಾಕಾಯಿತು. ಬೀಡಿನ ಕೆಲಸದವರು ಒಬ್ಬೊಬ್ಬರಾಗಿ ಬಿಟ್ಟರು. ಮುದುಕಿ ಸತ್ತಾಗ ಹೊರಲು ಜನ ಸಾಲಲಿಲ್ಲ ಎಂದು ಕೇಳಿದೆ. ಆಗಲೂ ನಾನು ಬಾಯಿ ತೆರೆಯಲಿಲ್ಲ.

ದೀಪಾವಳಿಗೆ ದೈವದ ಬಾಗಿಲು ತೆರೆದಾಗ ಬಾಬು ಮಾವನ ಕಾಲು ಹಿಡಿದು ಎಲ್ಲ ಹೇಳಿದೆ. "ಸತ್ತವರ ಬದಲು ಅವರ ಮನೆಯವರು ನಿಲ್ಲಬಹುದು. ಗಂಡ ಬಂದು ನಿಂತರೆ ಬಿಡಿಸುವ," ಎಂದರು.

ಹೋದೆ. ಬೀಡಿನಲ್ಲಿ ನೇಮಿರಾಜ ಚಾವಡಿಗೂ ಕರೆಯದೆ ಮೆಟ್ಟಿಲಲ್ಲೇ ನಿಂತು ಹೇಳಿದ: "ಬರುವುದಿಲ್ಲ. ಬಿಡಿಸಿದರೆ ನಿಮಗೆ ಬಿಡುಗಡೆ. ನನಗೆ? ಅವಳು ಕೊನೆಗೆ ಹೆದರಿದ್ದು ಆ ಒಂದು ಮಾತಿಗೆ. ಅದು ಇರಲಿ."

ಆಮೇಲೆ ಪ್ರತಿ ವರ್ಷ ಪತ್ತನಾಜೆಗೆ ಮೊದಲು ಹೋಗುತ್ತೇನೆ, ಕೇಳುತ್ತೇನೆ. ಅವನು ಇಲ್ಲ ಎನ್ನುತ್ತಾನೆ. ನಾನು ತಿರುಗಿ ಬರುತ್ತೇನೆ.

ಈ ವರ್ಷ ಬಸದಿಯಲ್ಲಿ ಸುಧಾರಿಸಿಕೊಂಡು ಬಸ್ಸು ಹತ್ತಿ ಬೀಡು ತಲುಪುವಾಗ ಮೂರು ಗಂಟೆ ದಾಟಿತ್ತು. ಪಶ್ಚಿಮದ ಮಾಡು ಕುಸಿದು ಹಂಚು ಅಂಗಳಕ್ಕೆ ಬಿದ್ದಿತ್ತು. ನೇಮಿರಾಜ ಒಬ್ಬನೇ ಅದನ್ನು ಆರಿಸುತ್ತಿದ್ದ. ಗಡ್ಡವೆಲ್ಲ ಬೆಳ್ಳಗಾಗಿದೆ. ನಾನು ಈ ಸಲ ಆಣೆಯ ಮಾತು ಎತ್ತಲಿಲ್ಲ.

"ಊರಿನವರು ನಿಮ್ಮ ಬಗ್ಗೆ ಹೇಳುವುದಕ್ಕೆ ನಾನು ಕಾರಣ," ಎಂದೆ. "ನನಗೆ ಸತ್ಯ ಗೊತ್ತಿತ್ತು. ಸುಮ್ಮನಿದ್ದೆ."

"ಗೊತ್ತುಂಟು."

"ಗೊತ್ತಿದ್ದೂ ನೀವು ಯಾರಿಗೂ ಹೇಳಲಿಲ್ಲ."

"ಮೊದಲನೆಯವಳ ವಿಷಯದಲ್ಲಿ ಜನ ಹೇಳುವುದು ಪೂರ್ತಿ ಸುಳ್ಳು ಅಂತ ನನಗೇ ಗೊತ್ತಿಲ್ಲ. ಎರಡನೆಯದಕ್ಕೆ ಯಾವ ಬಾಯಿಯಲ್ಲಿ ಹೇಳಲಿ?" ಅವನು ಕೈಯ ಧೂಳು ಕೊಡವಿ ಒಳಗೆ ಹೋದ. ಬರುವಾಗ ಒಂದು ತಂಬಿಗೆ ನೀರು ತಂದು ಮೆಟ್ಟಿಲ ಮೇಲೆ ಇಟ್ಟ. "ದೂರದಿಂದ ಬಂದಿದ್ದೀರಿ. ಕುಡಿಯುವುದಿಲ್ಲ ಅಂತ ಗೊತ್ತುಂಟು. ಇಡುವುದು ನಮ್ಮ ಕ್ರಮ."

ನಾನು ತಂಬಿಗೆ ಎತ್ತಿದೆ. ಅವನು ಒಂದು ಹೆಜ್ಜೆ ಮುಂದೆ ಬಂದ. "ಆಣೆ ಉಂಟಲ್ಲ?"

"ಉಂಟು," ಎಂದೆ. ಕುಡಿದೆ. ಪೂರ್ತಿ ಕುಡಿದೆ. ಆಗಬೇಕಾದ್ದು ನನಗಾಗಲಿ, ಅವಳಿಗಾದ ಹಾಗೆಯೇ ಆಗಲಿ ಎಂದು ಬೇಡಿಕೊಂಡೇ ಕುಡಿದೆ.

ಅವನು ತಂಬಿಗೆ ತೆಗೆದಿಟ್ಟ. ಗೇಟಿನವರೆಗೆ ಬಂದು ನಿಂತ.

ಮನೆಗೆ ಬಂದು ಕಾದೆ. ಪತ್ತನಾಜೆ ಕಳೆಯಿತು, ಮಳೆ ಹಿಡಿಯಿತು. ಬೀದಿಯಲ್ಲಿ ಅರ್ಧ ಜನಕ್ಕೆ ಜ್ವರ ಬಂತು, ಗಿರಿಜಕ್ಕನಿಗೂ ಬಂದು ಹೋಯಿತು. ನನಗೆ ಒಂದು ಸೀನೂ ಬರಲಿಲ್ಲ. ಬಾಬು ಮಾವನಿಗೆ ಹೇಳಿದೆ. ಅವರಿಗೆ ಈಗ ಕಣ್ಣು ಕಾಣುವುದಿಲ್ಲ. ನನ್ನ ತಲೆ ತಡವಿ, "ದೈವಕ್ಕೆ ಕರುಣೆ ಉಂಟು ಮಗಾ," ಎಂದರು.

ಕರುಣೆ ಇರುವುದು ಹೌದಾದರೆ ಅದು ಒಂಬತ್ತು ವರ್ಷದ ಹಿಂದೆಯೂ ಇದ್ದಿರಬೇಕು. ಹಾಗಾದರೆ ಅಂದು ಆಸ್ಪತ್ರೆಯಲ್ಲಿ ಲೋಟ ಎತ್ತಿದ ನನ್ನ ಕೈಯನ್ನು ತಡೆದದ್ದು ದೈವವಲ್ಲ.

ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಹಣೆ ಮುಟ್ಟಿ ನೋಡಿಕೊಳ್ಳುತ್ತೇನೆ. ತಣ್ಣಗಿರುತ್ತದೆ.